ಗಡೀಪಾರು ಆದೇಶದ ಎದುರು ಮಗುವಿನ ಹಿತ: ಬ್ರಿಟನ್ನಿನ ನ್ಯಾಯಾಲಯಗಳು ಹೇಗೆ ತೀರ್ಮಾನಿಸುತ್ತವೆ?

ಗಡೀಪಾರು ಆದೇಶದಲ್ಲಿ ಇರುವುದು ಒಬ್ಬರ ಹೆಸರು ಮಾತ್ರ. ಆದರೆ ಆ ಒಬ್ಬರಿಗೆ ಸಂಗಾತಿಯಿದ್ದರೆ, ಶಾಲೆಗೆ ಹೋಗುವ ಮಕ್ಕಳಿದ್ದರೆ, ಆದೇಶ ಜಾರಿಗೆ ಬರುವ ಹೊತ್ತಿಗೆ ಇಡೀ ಕುಟುಂಬ ಎರಡರಲ್ಲಿ ಒಂದು ದಾರಿಯನ್ನು ಹಿಡಿಯಲೇಬೇಕಾಗುತ್ತದೆ: ಎಲ್ಲರೂ ಒಟ್ಟಿಗೆ ದೇಶ ಬಿಡುವುದು, ಇಲ್ಲವೇ ಒಬ್ಬರನ್ನು ಕಳುಹಿಸಿಕೊಟ್ಟು ಉಳಿದವರು ಅಲ್ಲೇ ಬದುಕುವುದು. ಈ ಎರಡು ದಾರಿಗಳಲ್ಲಿ ಮಗು ಏನನ್ನು ಕಳೆದುಕೊಳ್ಳುತ್ತದೆ, ಸರ್ಕಾರ ಕೊಡುವ ಕಾರಣಗಳ ಎದುರು ಆ ನಷ್ಟಕ್ಕೆ ಎಷ್ಟು ತೂಕ ಕೊಡಬೇಕು ಎಂಬುದೇ ಇಂಥ ಪ್ರಕರಣಗಳ ತಿರುಳು. ಸಾರ್ವಜನಿಕ ಚರ್ಚೆಯಲ್ಲಿ ಈ ವಿಷಯದ ಬಗ್ಗೆ ಎರಡು ತಪ್ಪು ನಂಬಿಕೆಗಳು ಬೇರೂರಿವೆ. ಮಗುವೊಂದಿದ್ದರೆ ಸಾಕು, ಯಾರನ್ನೂ ಗಡೀಪಾರು ಮಾಡಲಾಗದು ಎಂಬುದು ಒಂದು. ಅಪರಾಧ ಮಾಡಿದವರ ಮಕ್ಕಳ ಅಳಲನ್ನು ನ್ಯಾಯಾಲಯ ಕೇಳುವುದೇ ಇಲ್ಲ ಎಂಬುದು ಇನ್ನೊಂದು. ಎರಡೂ ನಿಜವಲ್ಲ. ನಿಜ ಏನೆಂಬುದನ್ನು ತಿಳಿಯಲು ಬ್ರಿಟನ್ನಿನ ಕಾನೂನು ಒಳ್ಳೆಯ ದಾರಿ, ಏಕೆಂದರೆ ಈ ಪ್ರಶ್ನೆಯ ಮೇಲೆ ಅಲ್ಲಿನ ಸಂಸತ್ತು, ಅಲ್ಲಿನ ಸುಪ್ರೀಂ ಕೋರ್ಟ್ ಮತ್ತು ಸ್ಟ್ರಾಸ್‌ಬರ್ಗ್‌ನಲ್ಲಿರುವ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಮೂರೂ ವಿವರವಾಗಿ ಮಾತನಾಡಿವೆ.

ಮೊದಲು ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ವೀಸಾ ಅವಧಿ ಮುಗಿದವರನ್ನು ಅಥವಾ ನೆಲೆಸಲು ಅನುಮತಿಯೇ ಇಲ್ಲದವರನ್ನು ದೇಶದಿಂದ ಹೊರಕಳುಹಿಸುವುದು ಒಂದು ಬಗೆ. ಇದಕ್ಕೆ 1999ರ ವಲಸೆ ಮತ್ತು ಆಶ್ರಯ ಕಾಯ್ದೆಯ 10ನೇ ಕಲಂ ಆಧಾರ. ಗಡೀಪಾರು ಇದಕ್ಕಿಂತ ಗಂಭೀರವಾದದ್ದು. ಒಬ್ಬ ವಿದೇಶಿ ಪ್ರಜೆಯನ್ನು ಹೊರಕಳುಹಿಸುವುದರಿಂದ ಸಾರ್ವಜನಿಕ ಒಳಿತಾಗುತ್ತದೆ ಎಂದು ಗೃಹ ಸಚಿವರು ಭಾವಿಸಿದಾಗ, 1971ರ ವಲಸೆ ಕಾಯ್ದೆಯಡಿ ಆ ಆದೇಶ ಹೊರಡುತ್ತದೆ. ಆ ವ್ಯಕ್ತಿಗೆ ಹಿಂದೆ ಸಿಕ್ಕಿದ್ದ ವಾಸದ ಅನುಮತಿ, ಅದು ಕಾಯಂ ಆಗಿದ್ದರೂ, ಅಲ್ಲಿಗೆ ರದ್ದಾಗುತ್ತದೆ. ಆದೇಶ ಜಾರಿಯಲ್ಲಿರುವಷ್ಟು ಕಾಲ ಆತ ಮರಳಿ ಬರುವಂತಿಲ್ಲ. ಅದರ ಮೇಲೆ 2007ರ ಗಡಿಗಳ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಕನಿಷ್ಠ 12 ತಿಂಗಳ ಸೆರೆವಾಸದ ಶಿಕ್ಷೆಗೆ ಒಳಗಾದ ವಿದೇಶಿ ಪ್ರಜೆಯ ವಿರುದ್ಧ ಗೃಹ ಸಚಿವರು ಗಡೀಪಾರು ಆದೇಶ ಹೊರಡಿಸಲೇಬೇಕು. ಇದಕ್ಕೆ ಕೆಲವು ವಿನಾಯಿತಿಗಳಿವೆ. ಆದೇಶದಿಂದ ಮಾನವ ಹಕ್ಕುಗಳ ಉಲ್ಲಂಘನೆಯಾಗುತ್ತದೆ ಎಂಬುದು ಅವುಗಳಲ್ಲಿ ಒಂದು, ಮತ್ತು ಕುಟುಂಬಗಳು ನ್ಯಾಯಾಲಯದಲ್ಲಿ ನೆಚ್ಚಿಕೊಳ್ಳುವುದು ಹೆಚ್ಚಾಗಿ ಇದನ್ನೇ.

ಈ ಹಕ್ಕಿನ ಮೂಲ 1950ರಲ್ಲಿ ರೋಮ್‌ನಲ್ಲಿ ಸಹಿಯಾದ ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯ 8ನೇ ವಿಧಿ. ಖಾಸಗಿ ಬದುಕು ಮತ್ತು ಕುಟುಂಬ ಜೀವನಕ್ಕೆ ಗೌರವ ಸಿಗಬೇಕೆಂದು ಅದರ ಮೊದಲ ಭಾಗ ಹೇಳಿದರೆ, ಸರ್ಕಾರ ಯಾವಾಗ ಅದರಲ್ಲಿ ಕೈಹಾಕಬಹುದೆಂದು ಎರಡನೆಯ ಭಾಗ ಹೇಳುತ್ತದೆ: ಹಸ್ತಕ್ಷೇಪಕ್ಕೆ ಕಾನೂನಿನ ಆಧಾರವಿರಬೇಕು, ಅಪರಾಧ ತಡೆ, ರಾಷ್ಟ್ರೀಯ ಭದ್ರತೆ, ಆರ್ಥಿಕ ಹಿತದಂಥ ಉದ್ದೇಶವಿರಬೇಕು, ಮತ್ತು ಆ ಉದ್ದೇಶಕ್ಕೆ ಹೋಲಿಸಿದರೆ ಹಸ್ತಕ್ಷೇಪ ಅತಿಯಾಗಬಾರದು. ಗಡೀಪಾರು ಪ್ರಕರಣಗಳಲ್ಲಿ ಮೊದಲ ಎರಡು ಅಂಶಗಳ ಮೇಲೆ ವಾದ ನಡೆಯುವುದು ಅಪರೂಪ. ಕಾನೂನೂ ಇರುತ್ತದೆ, ಉದ್ದೇಶವೂ ಇರುತ್ತದೆ. ಇಡೀ ಹೋರಾಟ ಮೂರನೆಯದರ ಮೇಲೆ ನಡೆಯುತ್ತದೆ. ಹಾಗಾಗಿ, ಕುಟುಂಬ ಜೀವನ ಇದೆ ಎಂದು ಸಾಬೀತುಪಡಿಸುವುದರಿಂದ ಪ್ರಕರಣ ಗೆದ್ದಂತಾಗುವುದಿಲ್ಲ. ವಿಚಾರಣೆ ಶುರುವಾಗುವುದೇ ಅಲ್ಲಿಂದ. 1998ರ ಮಾನವ ಹಕ್ಕುಗಳ ಕಾಯ್ದೆ 2000ದ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಮೇಲೆ ಬ್ರಿಟನ್ನಿನ ನ್ಯಾಯಾಧೀಶರೇ ಈ ವಿಚಾರಣೆ ನಡೆಸುತ್ತಾರೆ. ಅದಕ್ಕೂ ಮೊದಲು ಕುಟುಂಬಗಳು ಸ್ಟ್ರಾಸ್‌ಬರ್ಗ್‌ನ ದಾರಿ ಹಿಡಿಯಬೇಕಿತ್ತು.

ಸ್ಟ್ರಾಸ್‌ಬರ್ಗ್ ನ್ಯಾಯಾಲಯ ಪ್ರಕರಣದಿಂದ ಪ್ರಕರಣಕ್ಕೆ ತನ್ನ ಮಾನದಂಡಗಳನ್ನು ಕಟ್ಟಿಕೊಂಡು ಬಂದಿದೆ. 1988ರಲ್ಲಿ ನೆದರ್ಲೆಂಡ್ಸ್ ವಿರುದ್ಧ ಬಂದ ಪ್ರಕರಣದಲ್ಲಿ ಮೊರಾಕೊದ ಒಬ್ಬ ತಂದೆ ಡಚ್ ಹೆಂಡತಿಯಿಂದ ವಿಚ್ಛೇದನ ಪಡೆದಿದ್ದ. ಮದುವೆ ಮುರಿದ ಮೇಲೆ ಆತನ ವಾಸದ ಅನುಮತಿಯೂ ಹೋಯಿತು. ಆತ ಮಗಳೊಂದಿಗೆ ಒಂದೇ ಮನೆಯಲ್ಲಿ ವಾಸವಿರಲಿಲ್ಲ, ಆದರೆ ವಾರಕ್ಕೆ ನಾಲ್ಕು ಬಾರಿ, ಪ್ರತಿ ಬಾರಿ ಹಲವು ಗಂಟೆಗಳ ಕಾಲ ಅವಳ ಜೊತೆ ಇರುತ್ತಿದ್ದ. ಅಷ್ಟು ಸಾಕು, ಅದು ಕುಟುಂಬ ಜೀವನವೇ ಎಂದ ನ್ಯಾಯಾಲಯ ತಂದೆಯ ಪರವಾಗಿ ತೀರ್ಪು ಕೊಟ್ಟಿತು. ಒಂದೇ ಸೂರಿನಡಿ ಬದುಕುವುದು ಕಡ್ಡಾಯವಲ್ಲ, ಸಂಬಂಧ ಜೀವಂತವಾಗಿದೆಯೇ ಎಂಬುದು ಮುಖ್ಯ ಎಂಬ ಮಾತು ಅಂದಿನಿಂದ ನಿಂತಿದೆ. 2001ರಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧದ ಪ್ರಕರಣದಲ್ಲಿ ನ್ಯಾಯಾಲಯ ಪರಿಶೀಲಿಸಬೇಕಾದ ಅಂಶಗಳನ್ನು ಒಟ್ಟುಗೂಡಿಸಿತು: ಅಪರಾಧ ಎಷ್ಟು ಗಂಭೀರ, ಆ ದೇಶದಲ್ಲಿ ಎಷ್ಟು ವರ್ಷ ವಾಸ, ಅಪರಾಧದ ನಂತರ ನಡತೆ ಹೇಗಿದೆ, ಮದುವೆಯ ಹೊತ್ತಿಗೆ ಸಂಗಾತಿಗೆ ಅಪರಾಧದ ವಿಷಯ ಗೊತ್ತಿತ್ತೇ, ಮಕ್ಕಳ ವಯಸ್ಸೆಷ್ಟು, ಸಂಗಾತಿ ಇನ್ನೊಂದು ದೇಶಕ್ಕೆ ಹೋದರೆ ಎದುರಿಸುವ ತೊಡಕುಗಳೇನು. 2006ರಲ್ಲಿ ಹದಿನೇಳು ನ್ಯಾಯಾಧೀಶರ ಮಹಾಪೀಠ, ಮತ್ತೆ ನೆದರ್ಲೆಂಡ್ಸ್‌ಗೆ ಸಂಬಂಧಿಸಿದ ಪ್ರಕರಣದಲ್ಲಿ, ಇನ್ನೆರಡು ಅಂಶಗಳನ್ನು ಸೇರಿಸಿತು: ಮಕ್ಕಳ ಹಿತ ಮತ್ತು ಕ್ಷೇಮ, ಹಾಗೂ ಎರಡೂ ದೇಶಗಳೊಂದಿಗಿನ ಸಾಮಾಜಿಕ, ಸಾಂಸ್ಕೃತಿಕ ನಂಟು. ಗಮನಿಸಬೇಕಾದದ್ದೆಂದರೆ, ಹೀಗೆ ಮಕ್ಕಳ ಹಿತವನ್ನು ಎತ್ತಿಹಿಡಿದ ಆ ಪ್ರಕರಣದಲ್ಲೇ ತಂದೆ ಸೋತ. ಆತನ ಮೇಲಿದ್ದದ್ದು ನರಹತ್ಯೆಯ ಅಪರಾಧ, ಶಿಕ್ಷೆ ಏಳು ವರ್ಷ. 2008ರಲ್ಲಿ ಆಸ್ಟ್ರಿಯಾದ ಪ್ರಕರಣದಲ್ಲಿ ಫಲಿತಾಂಶ ಬೇರೆಯಾಯಿತು. ಆರನೆಯ ವಯಸ್ಸಿನಿಂದ ಅಲ್ಲೇ ಬೆಳೆದ ಹುಡುಗನೊಬ್ಬ ಹದಿನಾಲ್ಕು, ಹದಿನೈದರ ಹರೆಯದಲ್ಲಿ ಹೆಚ್ಚಾಗಿ ಕಳ್ಳತನದ ಅಪರಾಧಗಳನ್ನು ಮಾಡಿದ್ದ. ಬಾಲ್ಯದ ಬಹುಭಾಗವನ್ನು ಕಾನೂನುಬದ್ಧವಾಗಿ ಒಂದು ದೇಶದಲ್ಲಿ ಕಳೆದವರನ್ನು ಅಲ್ಲಿಂದ ಹೊರಹಾಕಲು ಬಹಳ ಗಂಭೀರ ಕಾರಣಗಳು ಬೇಕು ಎಂದು ಮಹಾಪೀಠ ಹೇಳಿತು.

ಮಗುವನ್ನು ತಂದೆ ತಾಯಿಯ ಪ್ರಕರಣದ ಒಂದು ವಿವರವಾಗಿ ನೋಡದೆ, ಸ್ವಂತ ಹಕ್ಕುಳ್ಳ ವ್ಯಕ್ತಿಯಾಗಿ ನೋಡಬೇಕೆಂಬ ವಿಚಾರಕ್ಕೆ ಬಲ ಬಂದದ್ದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯಿಂದ. ಮಕ್ಕಳಿಗೆ ಸಂಬಂಧಿಸಿದ ಎಲ್ಲ ಕ್ರಮಗಳಲ್ಲೂ ಅವರ ಹಿತಕ್ಕೆ ಪ್ರಾಥಮಿಕ ಗಮನ ಸಿಗಬೇಕೆಂದು ಅದರ 3ನೇ ವಿಧಿ ಹೇಳುತ್ತದೆ. ಇದನ್ನು ನ್ಯಾಯಾಲಯವೊಂದು ಎಷ್ಟು ಗಂಭೀರವಾಗಿ ಪರಿಗಣಿಸಬಹುದೆಂಬುದಕ್ಕೆ ಕೆನಡಾದ ಸುಪ್ರೀಂ ಕೋರ್ಟ್ 1999ರಲ್ಲಿ ಕೊಟ್ಟ ತೀರ್ಪು ಇಂದಿಗೂ ಮುಖ್ಯ ಉದಾಹರಣೆ. ಜಮೈಕಾದಿಂದ ಬಂದು ಅಧಿಕೃತ ಅನುಮತಿಯಿಲ್ಲದೆ ಹನ್ನೊಂದು ವರ್ಷ ಮನೆಗೆಲಸ ಮಾಡಿದ್ದ ಒಬ್ಬ ಮಹಿಳೆಗೆ ಕೆನಡಾದಲ್ಲೇ ಹುಟ್ಟಿದ ನಾಲ್ಕು ಮಕ್ಕಳಿದ್ದರು. ಮಾನವೀಯ ನೆಲೆಯಲ್ಲಿ ಉಳಿಯಲು ಆಕೆ ಸಲ್ಲಿಸಿದ ಅರ್ಜಿ ತಿರಸ್ಕೃತವಾದಾಗ, ವಲಸೆ ಅಧಿಕಾರಿ ಬರೆದಿಟ್ಟುಕೊಂಡಿದ್ದ ಟಿಪ್ಪಣಿಗಳು ಆಕೆಯ ವಕೀಲರ ಕೈಗೆ ಬಂದವು. ಆಕೆಗಿರುವ ಮಕ್ಕಳ ಸಂಖ್ಯೆ, ಆಕೆಯ ಮಾನಸಿಕ ಕಾಯಿಲೆ, ಆಕೆಯಿಂದ ಸರ್ಕಾರಿ ನೆರವಿನ ಮೇಲೆ ಬೀಳುವ ಹೊರೆ, ಇವೇ ಆ ಟಿಪ್ಪಣಿಗಳಲ್ಲಿ ತುಂಬಿದ್ದವು; ತಾಯಿ ಹೋದರೆ ಮಕ್ಕಳ ಗತಿಯೇನು ಎಂಬ ವಿಚಾರಕ್ಕೆ ಅಲ್ಲಿ ತಕ್ಕ ಜಾಗವೇ ಇರಲಿಲ್ಲ. ನಿರ್ಧಾರ ಮಾಡುವವರು ಮಕ್ಕಳ ಹಿತದ ಕಡೆಗೆ ಎಚ್ಚರವುಳ್ಳವರೂ ಸಂವೇದನೆಯುಳ್ಳವರೂ ಆಗಿರಬೇಕು ಎಂದ ಕೋರ್ಟ್ ಆ ನಿರ್ಧಾರವನ್ನು ರದ್ದುಗೊಳಿಸಿತು. ಒಬ್ಬ ಅಧಿಕಾರಿ ಯಾವುದನ್ನು ಬರೆದ, ಯಾವುದನ್ನು ಬರೆಯದೆ ಬಿಟ್ಟ ಎಂಬುದರ ಮೇಲೆ ಒಂದು ಕುಟುಂಬದ ಭವಿಷ್ಯ ನಿಂತಿತ್ತು ಎಂಬುದನ್ನು ನಾನು ಮರೆಯಲಾರೆ.

ಆದರೆ ಬ್ರಿಟನ್ ಮಕ್ಕಳ ಹಕ್ಕುಗಳ ಈ ಒಡಂಬಡಿಕೆಯನ್ನು ಒಪ್ಪುವಾಗ ವಲಸೆ ವಿಷಯಗಳಿಗೆ ಅದು ಅನ್ವಯವಾಗದಂತೆ ಷರತ್ತು ಹಾಕಿತ್ತು. 2008ರಲ್ಲಿ ಆ ಷರತ್ತನ್ನು ಹಿಂತೆಗೆದುಕೊಂಡಿತು. ಮರುವರ್ಷದ ಕಾಯ್ದೆಯ 55ನೇ ಕಲಂ, ದೇಶದಲ್ಲಿರುವ ಮಕ್ಕಳ ಕ್ಷೇಮವನ್ನು ಕಾಪಾಡುವ ಮತ್ತು ಹೆಚ್ಚಿಸುವ ಅಗತ್ಯವನ್ನು ಗಮನದಲ್ಲಿಟ್ಟುಕೊಂಡೇ ವಲಸೆಯ ಕೆಲಸಗಳನ್ನು ನಿರ್ವಹಿಸುವ ಹೊಣೆಯನ್ನು ಗೃಹ ಸಚಿವರ ಮೇಲೆ ಹೊರಿಸಿತು. ಈ ಕಲಂಗೆ ಜೀವ ತುಂಬಿದ್ದು ಬ್ರಿಟನ್ನಿನ ಸುಪ್ರೀಂ ಕೋರ್ಟಿನ 2011ರ ‘ಜೆಡ್‌ಎಚ್ (ಟಾಂಜಾನಿಯಾ)’ ತೀರ್ಪು; ಇಂಥ ಪ್ರಕರಣಗಳನ್ನು ಕಕ್ಷಿದಾರರ ಹೆಸರಿನ ಮೊದಲಕ್ಷರ ಮತ್ತು ದೇಶದಿಂದ ಗುರುತಿಸುತ್ತಾರೆ. ತಾಯಿ ಸುಳ್ಳು ಗುರುತು ಹೇಳಿ ಆಶ್ರಯ ಕೋರಿದ್ದಳು, ವಲಸೆ ಕಾನೂನಿನ ದೃಷ್ಟಿಯಿಂದ ಅವಳ ಇತಿಹಾಸ ಚೆನ್ನಾಗಿರಲಿಲ್ಲ. ಆದರೆ ಹನ್ನೆರಡು ಮತ್ತು ಒಂಬತ್ತು ವರ್ಷದ ಇಬ್ಬರು ಮಕ್ಕಳೂ ಬ್ರಿಟಿಷ್ ಪ್ರಜೆಗಳು, ಹುಟ್ಟಿದಂದಿನಿಂದ ಅಲ್ಲೇ ಬೆಳೆದವರು. ಮುಖ್ಯ ತೀರ್ಪನ್ನು ಬರೆದ ನ್ಯಾಯಮೂರ್ತಿ ಬ್ರೆಂಡಾ ಹೇಲ್, ಮಕ್ಕಳ ಹಿತವನ್ನೇ ಮೊದಲು ಗುರುತಿಸಬೇಕು, ಆಮೇಲೆ ಬೇರೆ ಕಾರಣಗಳೆಲ್ಲ ಒಟ್ಟಾಗಿ ಅದನ್ನು ಮೀರುವಷ್ಟು ಪ್ರಬಲವಾಗಿವೆಯೇ ಎಂದು ನೋಡಬೇಕು ಎಂದರು. ತಾಯಿಯ ತಪ್ಪಿಗೆ ಮಕ್ಕಳನ್ನು ಹೊಣೆ ಮಾಡುವಂತಿಲ್ಲ. ಪೌರತ್ವ ಒಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲವಾದರೂ ಅದಕ್ಕೆ ವಿಶೇಷ ಮಹತ್ವವಿದೆ. ಮಕ್ಕಳ ಅಭಿಪ್ರಾಯವನ್ನೂ ತಿಳಿದುಕೊಳ್ಳಬೇಕು, ಏಕೆಂದರೆ ಮಕ್ಕಳ ಹಿತ ಮತ್ತು ಹೆತ್ತವರ ಹಿತ ಯಾವಾಗಲೂ ಒಂದೇ ಆಗಿರುವುದಿಲ್ಲ.

ನನ್ನ ಮಟ್ಟಿಗೆ ಈ ತೀರ್ಪಿನ ನಿಜವಾದ ಕೊಡುಗೆ ಇರುವುದು ಆ ಕ್ರಮದಲ್ಲಿ. ತಾಯಿಯ ಅಪರಾಧವನ್ನು ಮೊದಲು ಓದಿ, ಆ ಬೇಸರದಲ್ಲೇ ಮಗುವಿನ ಪುಟ ತಿರುವುವ ಅಧಿಕಾರಿಗೂ, ಮಗುವಿನ ಬದುಕನ್ನು ಮೊದಲು ಅರಿತುಕೊಂಡು ಆಮೇಲೆ ಅಪರಾಧದ ಕಡತ ತೆರೆಯುವ ಅಧಿಕಾರಿಗೂ ಕಾಣುವ ಚಿತ್ರ ಒಂದೇ ಆಗಿರಲಾರದು. ಹಾಗೆಂದು ಮಗುವಿನ ಹಿತವೇ ಕೊನೆಯ ಮಾತಲ್ಲ. ಎರಡು ವರ್ಷಗಳ ನಂತರ, 2013ರಲ್ಲಿ, ಸ್ಕಾಟ್ಲೆಂಡಿನಿಂದ ಬಂದ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್ ಈ ತತ್ವಗಳನ್ನು ಕ್ರೋಡೀಕರಿಸಿತು: ಮಗುವಿನ ಹಿತಕ್ಕಿಂತ ಹೆಚ್ಚಿನದೆಂದು ಬೇರಾವ ಅಂಶವನ್ನೂ ಮೊದಲೇ ಭಾವಿಸುವಂತಿಲ್ಲ, ಆದರೆ ಹಲವು ಅಂಶಗಳು ಕೂಡಿ ಅದನ್ನು ಮೀರಬಹುದು. ಆ ಪ್ರಕರಣದ ಮಕ್ಕಳು ಬ್ರಿಟಿಷ್ ಪ್ರಜೆಗಳಾಗಿರಲಿಲ್ಲ, ಚಿಕ್ಕವರಾಗಿದ್ದರು, ಕುಟುಂಬ ಸೋತಿತು.

ಬ್ರಿಟನ್ನಿನಲ್ಲಿ ಹುಟ್ಟಿದ ಮಗು ಬ್ರಿಟಿಷ್ ಪ್ರಜೆ ಆಗಿಯೇ ಇರುತ್ತದೆ ಎಂದು ಹಲವರು ತಿಳಿದಿದ್ದಾರೆ. 1983ರ ಜನವರಿ 1ರಿಂದ ಹಾಗಿಲ್ಲ. ಹುಟ್ಟುವ ಹೊತ್ತಿಗೆ ಹೆತ್ತವರಲ್ಲಿ ಒಬ್ಬರಾದರೂ ಬ್ರಿಟಿಷ್ ಪ್ರಜೆ ಅಥವಾ ಕಾಯಂ ನಿವಾಸಿ ಆಗಿರಬೇಕು. ಅಲ್ಲಿ ಹುಟ್ಟಿ ಮೊದಲ ಹತ್ತು ವರ್ಷ ಅಲ್ಲೇ ಕಳೆದ ಮಗುವಿಗೆ ಪ್ರಜೆಯಾಗಿ ನೋಂದಾಯಿಸಿಕೊಳ್ಳುವ ಹಕ್ಕಿದೆ, ಆದರೆ ಅದಕ್ಕೆ ಅರ್ಜಿ ಹಾಕಲೇಬೇಕು. ಮೇಲ್ಮನವಿಯ ಹಂತದಲ್ಲಿ ಈ ಒಂದು ಸಂಗತಿ ಬಹಳಷ್ಟನ್ನು ಬದಲಾಯಿಸಬಲ್ಲದು.

ನ್ಯಾಯಾಧೀಶರಿಗೆ ಇದ್ದ ವಿವೇಚನೆಯನ್ನು ಸಂಸತ್ತು 2014ರಲ್ಲಿ ಚೌಕಟ್ಟಿನೊಳಗೆ ತಂದಿತು. ವಿದೇಶಿ ಅಪರಾಧಿಗಳ ಗಡೀಪಾರು ಸಾರ್ವಜನಿಕ ಹಿತದಲ್ಲೇ ಇದೆ, ಅಪರಾಧ ಗಂಭೀರವಾದಷ್ಟೂ ಆ ಹಿತ ಹೆಚ್ಚು ಎಂದು ಹೊಸ ಕಲಂಗಳು ಹೇಳಿದವು. ನಾಲ್ಕು ವರ್ಷಕ್ಕಿಂತ ಕಡಿಮೆ ಶಿಕ್ಷೆ ಪಡೆದವರಿಗೆ ಎರಡು ವಿನಾಯಿತಿಗಳಿವೆ. ಬದುಕಿನ ಬಹುಭಾಗವನ್ನು ಕಾನೂನುಬದ್ಧವಾಗಿ ಬ್ರಿಟನ್ನಿನಲ್ಲಿ ಕಳೆದು, ಅಲ್ಲಿನ ಸಮಾಜದಲ್ಲಿ ಬೆರೆತು, ಮೂಲ ದೇಶದಲ್ಲಿ ಮತ್ತೆ ನೆಲೆಯೂರಲು ಬಹಳ ದೊಡ್ಡ ಅಡೆತಡೆಗಳಿರುವವರಿಗೆ ಮೊದಲನೆಯದು. ಎರಡನೆಯದು ಕುಟುಂಬಕ್ಕೆ ಸೇರಿದ್ದು: ಅರ್ಹ ಸಂಗಾತಿ ಅಥವಾ ಮಗುವಿನೊಂದಿಗೆ ನಿಜವಾದ, ಮುಂದುವರಿದಿರುವ ಸಂಬಂಧವಿರಬೇಕು, ಮತ್ತು ಗಡೀಪಾರಿನ ಪರಿಣಾಮ ಅವರ ಮೇಲೆ ಮಿತಿಮೀರಿದಷ್ಟು ಕಠೋರವಾಗಿರಬೇಕು. ಬ್ರಿಟಿಷ್ ಪ್ರಜೆ ಅಥವಾ ಕಾಯಂ ನಿವಾಸಿ ಆಗಿರುವವರು ಅರ್ಹ ಸಂಗಾತಿ; ಬ್ರಿಟಿಷ್ ಪ್ರಜೆಯಾಗಿರುವ ಅಥವಾ ಸತತ ಏಳು ವರ್ಷ ಅಲ್ಲಿ ವಾಸಿಸಿರುವ, ಹದಿನೆಂಟು ತುಂಬದ ಮಗು ಇಲ್ಲಿ ಅರ್ಹ ಮಗು.

ಇಂಥ ಬಹುಪಾಲು ಪ್ರಕರಣಗಳು ಗೆಲ್ಲುವುದೋ ಸೋಲುವುದೋ ಈ ಕಠೋರತೆಯ ಅಳತೆಯಲ್ಲಿ. ಅನಾನುಕೂಲ, ದುಃಖ, ಕಷ್ಟ ಇವಿಷ್ಟು ಸಾಲದು ಎಂದು ವಲಸೆ ಮೇಲ್ಮನವಿಗಳ ಎರಡನೇ ಹಂತವಾದ ಮೇಲಿನ ನ್ಯಾಯಮಂಡಳಿ ಹಿಂದೆಯೇ ಹೇಳಿತ್ತು. ಪರಿಣಾಮ ತೀವ್ರವಾಗಿರಬೇಕು, ಆ ತೀವ್ರತೆಯೂ ಸಾಮಾನ್ಯ ಮಟ್ಟವನ್ನು ದಾಟಿರಬೇಕು. ಅದೂ ಎರಡೂ ದಾರಿಗಳಲ್ಲಿ ದಾಟಿರಬೇಕು: ಮಗು ತಂದೆಯ ಜೊತೆ ಹೋದರೂ, ತಂದೆಯಿಲ್ಲದೆ ಉಳಿದರೂ. ಒಂದೇ ದಾರಿ ಕಠೋರವಾಗಿದ್ದು ಇನ್ನೊಂದು ಸಹಿಸಬಹುದಾದದ್ದಾಗಿದ್ದರೆ ವಿನಾಯಿತಿ ಸಿಗುವುದಿಲ್ಲ. ತಂದೆಯ ಅಪರಾಧ ದೊಡ್ಡದಾದಷ್ಟೂ ಮಗು ಹೆಚ್ಚು ಕಠೋರತೆಯನ್ನು ಸಹಿಸಬೇಕೇ ಎಂಬ ಪ್ರಶ್ನೆ ಹಲವು ವರ್ಷ ಕೆಳಗಿನ ಹಂತಗಳಲ್ಲಿ ಗೊಂದಲ ಹುಟ್ಟಿಸಿತ್ತು. 2018ರ ‘ಕೆಒ (ನೈಜೀರಿಯಾ)’ ತೀರ್ಪು ಅದಕ್ಕೆ ಇಲ್ಲ ಎಂದು ಉತ್ತರಿಸಿತು. ಈ ಹಂತದಲ್ಲಿ ನೋಡಬೇಕಾದದ್ದು ಮಗುವಿನ ಮೇಲಿನ ಪರಿಣಾಮವನ್ನು ಮಾತ್ರ. ಆದರೆ ಅದೇ ತೀರ್ಪಿನ ಒಂದು ಸಾಲನ್ನು ಹಿಡಿದುಕೊಂಡು, ಗಡೀಪಾರಾದವರ ಯಾವ ಮಗುವಿಗಾದರೂ ಆಗುವ ಸಂಕಟಕ್ಕಿಂತ ಈ ಮಗುವಿನ ಸಂಕಟ ಹೆಚ್ಚಿದೆಯೇ ಎಂದು ಹೋಲಿಸುವ ರೂಢಿ ಬೆಳೆಯಿತು. 2022ರ ‘ಎಚ್‌ಎ (ಇರಾಕ್)’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಹೋಲಿಕೆಯನ್ನು ತಿರಸ್ಕರಿಸಿತು. ಕಲ್ಪನೆಯ ಮಗುವೊಂದನ್ನು ಎದುರಿಗಿಟ್ಟುಕೊಂಡು ಎದುರಿಗಿರುವ ಮಗುವನ್ನು ಅಳೆಯುವುದು ನ್ಯಾಯವಲ್ಲ. ಎಷ್ಟೋ ಮಕ್ಕಳಿಗೆ ಆಗುವ ನೋವೆಂಬ ಕಾರಣಕ್ಕೆ ಒಂದು ಮಗುವಿನ ನೋವು ಹಗುರವಾಗುವುದಿಲ್ಲ.

ಅಳತೆ ಎಷ್ಟು ಬಿಗಿಯಾಗಿದೆ ಎಂಬುದಕ್ಕೆ 2025ರ ಫೆಬ್ರವರಿಯಲ್ಲಿ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾದ ಒಂದು ಪ್ರಕರಣವನ್ನು ನೋಡಬಹುದು. ಅಲ್ಬೇನಿಯಾದ ತಂದೆಯೊಬ್ಬನ ಮಗನಿಗೆ ಆಹಾರದ ವಿಷಯದಲ್ಲಿ ಸೂಕ್ಷ್ಮತೆಗಳಿದ್ದವು, ಹೊರದೇಶದ ಚಿಕನ್ ನಗೆಟ್ಸ್ ಅವನಿಗೆ ಸೇರುವುದಿಲ್ಲ ಎಂಬ ವಿವರ ಕೆಳಗಿನ ನ್ಯಾಯಮಂಡಳಿಯ ತೀರ್ಪಿನಲ್ಲಿತ್ತು. ನಗೆಟ್ಸ್ ಕಾರಣದಿಂದ ಗಡೀಪಾರು ನಿಂತಿತು ಎಂದು ಶೀರ್ಷಿಕೆಗಳು ಕೂಗಿದವು. ಆ ಹೊತ್ತಿಗಾಗಲೇ ಮೇಲಿನ ನ್ಯಾಯಮಂಡಳಿ ಅಂಥ ಸಾಕ್ಷ್ಯ ಕಠೋರತೆಯ ಮಟ್ಟವನ್ನು ಮುಟ್ಟುವುದೇ ಇಲ್ಲ ಎಂದು ಆ ತೀರ್ಪನ್ನು ರದ್ದುಗೊಳಿಸಿ ಮರುವಿಚಾರಣೆಗೆ ಕಳುಹಿಸಿತ್ತು. ಇಂಥ ಸುದ್ದಿಗಳಿಂದ ಆಗುವ ಹಾನಿ ದೊಡ್ಡದು. ನಿಜವಾಗಿ ನಲುಗುವ ಮಕ್ಕಳ ಪ್ರಕರಣಗಳನ್ನೂ ಓದುಗರು ನಂತರ ಅದೇ ಅನುಮಾನದಿಂದ ನೋಡುತ್ತಾರೆ.

ನಾಲ್ಕು ವರ್ಷ ಅಥವಾ ಹೆಚ್ಚು ಶಿಕ್ಷೆಯಾಗಿದ್ದರೆ ಈ ಎರಡು ವಿನಾಯಿತಿಗಳೂ ಸಾಲವು. ಅವುಗಳಿಗಿಂತ ಮಿಗಿಲಾದ, ಅತ್ಯಂತ ಪ್ರಬಲವಾದ ಸನ್ನಿವೇಶವಿರಬೇಕು. ಇಲ್ಲಿ ಅಪರಾಧದ ಗಂಭೀರತೆಯೂ ಲೆಕ್ಕಕ್ಕೆ ಬರುತ್ತದೆ, ಸುಧಾರಣೆಯೂ ಬರುತ್ತದೆ. ಅಪರಾಧವೇ ಇಲ್ಲದೆ, ಕೇವಲ ವಾಸದ ಅನುಮತಿ ಇಲ್ಲದವರ ವಿಷಯದಲ್ಲಾದರೆ ಪರೀಕ್ಷೆ ಸಡಿಲ: ಅರ್ಹ ಮಗುವಿನೊಂದಿಗೆ ನಿಜವಾದ ಸಂಬಂಧವಿದ್ದು, ಆ ಮಗು ದೇಶ ಬಿಡಬೇಕೆಂದು ನಿರೀಕ್ಷಿಸುವುದು ಸಮಂಜಸವಲ್ಲ ಎಂದಾದರೆ ಹೊರಕಳುಹಿಸುವ ಅಗತ್ಯವಿಲ್ಲ ಎಂದು ಕಾನೂನೇ ಹೇಳುತ್ತದೆ.

ತತ್ವಗಳು ಇಷ್ಟಾದರೂ, ನ್ಯಾಯಮಂಡಳಿಯ ಕೋಣೆಯಲ್ಲಿ ಫಲಿತಾಂಶವನ್ನು ನಿರ್ಧರಿಸುವುದು ಸಾಕ್ಷ್ಯ. 2014ರ ನಂತರ ಗಡೀಪಾರು ಆದೇಶದ ವಿರುದ್ಧ ನೇರವಾಗಿ ಮೇಲ್ಮನವಿ ಹೋಗುವಂತಿಲ್ಲ. ಮಾನವ ಹಕ್ಕಿನ ಅಥವಾ ಆಶ್ರಯದ ಕೋರಿಕೆಯನ್ನು ಗೃಹ ಇಲಾಖೆ ನಿರಾಕರಿಸಿದರೆ ಆ ನಿರಾಕರಣೆಯನ್ನು ಪ್ರಶ್ನಿಸಬೇಕು. ದೇಶದೊಳಗಿರುವವರಿಗೆ ಅದಕ್ಕಿರುವ ಕಾಲಾವಕಾಶ 14 ದಿನ. ಮೊದಲ ಹಂತದ ನ್ಯಾಯಮಂಡಳಿ ಸಂಗತಿಗಳನ್ನೆಲ್ಲ ಹೊಸದಾಗಿ ಪರಿಶೀಲಿಸುತ್ತದೆ. ಅಲ್ಲಿಂದ ಮೇಲಕ್ಕೆ ಕಾನೂನಿನ ತಪ್ಪು ಇದ್ದರೆ ಮಾತ್ರ ದಾರಿ. ಆದ್ದರಿಂದ ಮೊದಲ ವಿಚಾರಣೆಗೇ ಎಲ್ಲ ದಾಖಲೆ ಸಿದ್ಧವಿರಬೇಕು. ಮಕ್ಕಳು ಅಪ್ಪನನ್ನು ತುಂಬ ಹಚ್ಚಿಕೊಂಡಿದ್ದಾರೆ ಎಂದು ತಾಯಿ ಬರೆದುಕೊಟ್ಟ ಒಂದು ಪುಟ, ಅದು ಎಷ್ಟೇ ನಿಜವಾಗಿದ್ದರೂ, ದೂರ ಸಾಗಿಸದು. ಬೆಳಗ್ಗೆ ಶಾಲೆಗೆ ಬಿಡುವವರು ಯಾರು, ವೈದ್ಯರ ಬಳಿ ಕರೆದೊಯ್ಯುವವರು ಯಾರು, ತಂದೆ ಜೈಲಿನಲ್ಲಿದ್ದ ತಿಂಗಳುಗಳಲ್ಲಿ ಮಗುವಿನ ನಡವಳಿಕೆಯಲ್ಲಿ ಏನು ಬದಲಾಯಿತು ಎಂದು ಶಿಕ್ಷಕಿ ದಿನಾಂಕ ಸಹಿತ ಬರೆದ ಪತ್ರಕ್ಕೆ ಹೆಚ್ಚು ಬೆಲೆ. ಮಗುವಿನ ಜೊತೆ ಒಂಟಿಯಾಗಿ ಮಾತನಾಡಿ, ಎರಡೂ ದಾರಿಗಳ ಪರಿಣಾಮವನ್ನು ಬೇರೆ ಬೇರೆಯಾಗಿ ವಿವರಿಸುವ ಸ್ವತಂತ್ರ ಸಮಾಜ ಕಾರ್ಯಕರ್ತರ ವರದಿ, ಮಗುವಿಗೆ ವಿಶೇಷ ಅಗತ್ಯಗಳಿದ್ದರೆ ಮನಶ್ಶಾಸ್ತ್ರಜ್ಞರ ವರದಿ, ಮತ್ತೆ ಅಪರಾಧ ಮಾಡುವ ಸಂಭವ ಎಷ್ಟೆಂದು ಶಿಕ್ಷೆಗೊಳಗಾದವರ ಮೇಲೆ ನಿಗಾ ಇಡುವ ಪ್ರೊಬೇಷನ್ ಅಧಿಕಾರಿ ಮಾಡಿದ ಅಂದಾಜು, ಇವೂ ಬೇಕು. ಮಗುವಿನ ಸಂಪರ್ಕದ ಬಗ್ಗೆ ಕುಟುಂಬ ನ್ಯಾಯಾಲಯದ ಆದೇಶವಿದ್ದರೆ ಅದು ಸಂಬಂಧಕ್ಕೆ ಸಾಕ್ಷಿಯಾಗುತ್ತದೆ. ಆದರೆ ಗಡೀಪಾರನ್ನು ತಡೆಯುವ ಅಧಿಕಾರ ಆ ನ್ಯಾಯಾಲಯಕ್ಕಿಲ್ಲ.

ಮೊದಲು ಗಡೀಪಾರು ಮಾಡಿ, ಆಮೇಲೆ ಹೊರದೇಶದಿಂದಲೇ ಮೇಲ್ಮನವಿ ನಡೆಸಲಿ ಎಂಬ ವ್ಯವಸ್ಥೆಯೂ ಇದೆ. 2017ರಲ್ಲಿ ಕೀನ್ಯಾ ಮತ್ತು ಜಮೈಕಾ ಮೂಲದ ಇಬ್ಬರ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಆಗ ಜಾರಿಗೊಳಿಸಿದ್ದ ರೀತಿ ಕಾನೂನುಬಾಹಿರ ಎಂದಿತು. ವಕೀಲರನ್ನು ಹಿಡಿಯುವುದು, ತಜ್ಞರಿಗೆ ಮಗುವಿನೊಂದಿಗಿನ ಒಡನಾಟವನ್ನು ತೋರಿಸುವುದು, ನ್ಯಾಯಾಧೀಶರ ಎದುರು ಸಾಕ್ಷ್ಯ ನುಡಿಯುವುದು, ಇದ್ಯಾವುದೂ ಆಗಿನ ಏರ್ಪಾಡಿನಲ್ಲಿ ಸಾವಿರಾರು ಮೈಲಿ ದೂರದಿಂದ ಪರಿಣಾಮಕಾರಿಯಾಗಿ ಆಗದು ಎಂಬುದು ಅದರ ಕಾರಣ. ವಿಡಿಯೊ ಮೂಲಕ ಹಾಜರಾಗುವ ಏರ್ಪಾಡಿನೊಂದಿಗೆ ಕೆಲವು ದೇಶಗಳವರಿಗೆ ಆ ವ್ಯವಸ್ಥೆ ಮತ್ತೆ ಜಾರಿಗೆ ಬಂದಿದೆ. ದೇಶದೊಳಗಿರುವವರಿಗೂ ಹಣದ ಅಡ್ಡಿ ದೊಡ್ಡದು. 2013ರ ಏಪ್ರಿಲ್‌ನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕುಟುಂಬ ಜೀವನ ಆಧಾರಿತ ವಲಸೆ ಪ್ರಕರಣಗಳಿಗೆ ಸಾಮಾನ್ಯವಾಗಿ ಸರ್ಕಾರಿ ಕಾನೂನು ನೆರವು ಸಿಗುವುದಿಲ್ಲ. ವಿಶೇಷ ಸಂದರ್ಭವೆಂದು ಪ್ರತ್ಯೇಕ ಅರ್ಜಿ ಹಾಕಿ ಪಡೆಯಬೇಕು. ತಜ್ಞರ ವರದಿಯಿಲ್ಲದೆ ಗೆಲ್ಲುವುದು ಕಷ್ಟವಾಗಿರುವ ಕಾನೂನಿನಲ್ಲಿ ವರದಿಗೆ ಹಣವಿಲ್ಲದ ಕುಟುಂಬವನ್ನು ಹೀಗೆ ಬಿಡುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ, ಏಕೆಂದರೆ ಆ ಕೊರತೆಯ ಫಲವನ್ನು ಉಣ್ಣುವುದು ಮಗು. 8ನೇ ವಿಧಿಯ ಅನ್ವಯವನ್ನು ಇನ್ನಷ್ಟು ಬಿಗಿಗೊಳಿಸುವ ಕಾನೂನು ತರುವುದಾಗಿ ಸರ್ಕಾರ 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಪ್ರಕಟಿಸಿದೆ.

ಇನ್ನು ಕಾಲದ ಪ್ರಶ್ನೆ. ನ್ಯಾಯಮಂಡಳಿ ಪರಿಸ್ಥಿತಿಯನ್ನು ನೋಡುವುದು ವಿಚಾರಣೆಯ ದಿನ ಅದು ಹೇಗಿದೆಯೋ ಹಾಗೆ. ವಿಳಂಬದಿಂದ ಲಾಭವೂ ಆಗಬಹುದು. ಆರು ವರ್ಷ ವಾಸವಿದ್ದ ಮಗುವಿಗೆ ಅಷ್ಟರಲ್ಲಿ ಏಳು ತುಂಬಿ ಅದು ಅರ್ಹ ಮಗುವಾಗಬಹುದು. ನಷ್ಟವೂ ಅಷ್ಟೇ ಸುಲಭವಾಗಿ ಆಗುತ್ತದೆ: ಮೇಲ್ಮನವಿ ಹಾಕಿದಾಗ ಹದಿನಾರಾಗಿದ್ದ ಮಗಳಿಗೆ ಪ್ರಕರಣ ಮೇಲಿನ ಹಂತಕ್ಕೆ ಹೋಗಿ ಮರುವಿಚಾರಣೆಗೆ ಬರುವಷ್ಟರಲ್ಲಿ ಹದಿನೆಂಟು ದಾಟಿದರೆ, ಮಗುವಿನ ಹೆಸರಿನಲ್ಲಿದ್ದ ವಿನಾಯಿತಿ ಅವಳಿಗೆ ಅನ್ವಯಿಸುವುದಿಲ್ಲ. ಸೋತ ಮೇಲೂ ಆದೇಶವನ್ನು ಹಿಂಪಡೆಯುವಂತೆ ಗೃಹ ಸಚಿವರಿಗೆ ಅರ್ಜಿ ಸಲ್ಲಿಸಬಹುದು, ಹೊಸ ಸಾಕ್ಷ್ಯ ಸಿಕ್ಕಿದ್ದರೆ ಹೊಸ ಕೋರಿಕೆಯನ್ನೂ ಮುಂದಿಡಬಹುದು. ಆದರೆ ಆ ಸಾಕ್ಷ್ಯ ಹಿಂದೆ ಪರಿಶೀಲಿಸಿದ್ದಕ್ಕಿಂತ ಗಣನೀಯವಾಗಿ ಬೇರೆಯಾಗಿರಬೇಕು, ಗೆಲ್ಲುವ ವಾಸ್ತವ ಸಾಧ್ಯತೆಯೂ ಅದರಲ್ಲಿರಬೇಕು. ಇಲ್ಲವಾದರೆ ಹೊಸ ಮೇಲ್ಮನವಿಯ ಹಕ್ಕೇ ಹುಟ್ಟುವುದಿಲ್ಲ.